ಸಿಎನ್‌ಸಿ ಮಿಲ್ಲಿಂಗ್ ಪ್ರೋಗ್ರಾಮ್‌ನಲ್ಲಿ ಎನ್ ನಂಬರ್ ಪೂರ್ತಿ ತೆಗೆಯಬಹುದಾ?

ನಿಮ್ಮ ಕ್ಯಾಮ್ (ಪ್ರೋಗ್ರಾಮ್ ಬರೆದುಕೊಡುವ ಸಾಫ್ಟ್‌ವೇರ್) ಪ್ರತಿ ಬ್ಲಾಕ್‌ಗೂ, ಅಂದರೆ ಪ್ರತಿ ಸಾಲಿಗೂ, ಎನ್10, ಎನ್20 ಅಂತ ನಂಬರ್ ಹಾಕುತ್ತಿದೆ, ಪ್ರೋಗ್ರಾಮ್ ಮೆಷಿನ್ ಮೆಮೊರಿಯಲ್ಲಿ ಹಿಡಿಯುತ್ತಿಲ್ಲ, ನಂಬರ್ ಎಲ್ಲಾ ಅಳಿಸಿದರೆ ಓಡುತ್ತಾ ಅಂತ ಕೇಳಿದ್ದೀರಿ. ಓಡುತ್ತದೆ. ಫ್ಯಾನುಕ್ ಥರದ ಕಂಟ್ರೋಲ್‌ನಲ್ಲಿ (ಮೆಷಿನ್ ನಡೆಸುವ ಕಂಪ್ಯೂಟರ್) ಎನ್ ನಂಬರ್ ಕಡ್ಡಾಯ ಅಲ್ಲ. ಮೆಷಿನ್ ಮೇಲಿಂದ ಕೆಳಗೆ ಓದಿಕೊಂಡು ಹೋಗುತ್ತದೆ ಅಷ್ಟೆ, ಎನ್50 ಆದ ಮೇಲೆ ಎನ್20 ಬಂದರೂ ಅದು ಕ್ಯಾರೇ ಅನ್ನುವುದಿಲ್ಲ.

ಜಾಗ ಎಷ್ಟು ಉಳಿಯುತ್ತೆ ಅಂತ ಒಂದು ಬ್ಲಾಕ್ ಹಿಡಿದು ನೋಡಿ: ಎನ್12340 ಎಕ್ಸ್45.218 ವೈ-12.604. ಫೈಲ್‌ನಲ್ಲಿ ಎಕ್ಸ್, ವೈ ಎರಡಕ್ಕೂ ಸೇರಿ 15 ಅಕ್ಷರ, ನಂಬರ್ ಒಂದಕ್ಕೇ 6. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ಸುಮ್ನೆ ಹೋಗುತ್ತಿದೆ. ಇನ್ನೊಂದು ತೊಂದರೆ, ಹಳೆ ಕಂಟ್ರೋಲ್‌ಗಳಲ್ಲಿ ನಂಬರ್ 9999ಕ್ಕೆ ಮುಗಿಯುತ್ತದೆ. ಹತ್ತತ್ತು ಬಿಟ್ಟು ಹಾಕಿದರೆ 999 ಬ್ಲಾಕ್‌ಗೇ ಖಾಲಿ, ಮುಂದಿನದಕ್ಕೆ ಅಂಕಿ ಜಾಸ್ತಿಯಾಯಿತು ಅಂತ ಅಲಾರ್ಮ್.

ಆದರೆ ಪೂರ್ತಿ ತೆಗೆಯಬೇಡಿ. ಪ್ರತಿ ಟೂಲ್ ಚೇಂಜ್‌ಗೆ ಒಂದು ನಂಬರ್ ಇಟ್ಟುಕೊಳ್ಳಿ: ಮೊದಲ ಟೂಲ್‌ಗೆ ಎನ್1, ಎರಡನೆಯದಕ್ಕೆ ಎನ್2, ಹೀಗೆ. ಮೂರನೇ ಟೂಲ್ ಮುರಿದರೆ ಎನ್3 ಸರ್ಚ್ ಮಾಡಿ ಅಲ್ಲಿಂದಲೇ ಶುರು ಮಾಡಬಹುದು. ಇದು ಕೆಲಸ ಮಾಡಬೇಕಾದರೆ ಎನ್3ರ ಕೆಳಗೆ ಟೂಲ್ ಕಾಲ್, ಜಿ90 (ಅಳತೆ ಎಲ್ಲಾ ಜಾಬ್ ಸೊನ್ನೆಯಿಂದ), ಜಿ54 (ಜಾಬ್ ಸೊನ್ನೆ ಎಲ್ಲಿ), ಸ್ಪಿಂಡಲ್ ಸ್ಪೀಡ್, ಜಿ43 ಜೊತೆ ಎಚ್ ನಂಬರ್ (ಟೂಲ್ ಉದ್ದದ ಲೆಕ್ಕ) ಎಲ್ಲಾ ಮತ್ತೆ ಬರೆದಿರಲೇಬೇಕು. ಹಿಂದಿನ ಟೂಲ್‌ನಲ್ಲಿ ಹೇಳಿದ್ದು ನೆನಪಿರುತ್ತೆ ಅಂತ ನಂಬಿ ಮಧ್ಯದಿಂದ ಸ್ಟಾರ್ಟ್ ಒತ್ತಿದರೆ ಟೂಲ್ ಜಾಬ್‌ಗೆ ಗುದ್ದಬಹುದು. ಈ ಒಂದು ಜಾಗದಲ್ಲಿ ಮಾತ್ರ ನಾಲ್ಕು ಸಾಲು ಜಾಸ್ತಿಯಾದರೂ ಪರವಾಗಿಲ್ಲ.

ಅಳಿಸುವ ಮೊದಲು ಫೈಲ್‌ನಲ್ಲಿ ಗೋಟು (ಇಂಥ ಎನ್ ನಂಬರ್‌ಗೆ ಹಾರು ಅನ್ನುವ ಆದೇಶ) ಇದೆಯಾ, ಎಂ99 ಪಿ ಇದೆಯಾ ಹುಡುಕಿ. ಎಂ99 ಪಿ120 ಅಂದರೆ ಸಬ್‌ಪ್ರೋಗ್ರಾಮ್ ಮುಗಿಸಿ ಮೇನ್ ಪ್ರೋಗ್ರಾಮ್‌ನ ಎನ್120ಕ್ಕೆ ವಾಪಸ್ ಹೋಗು ಅಂತ, ಆ ನಂಬರ್ ಹೋದರೆ ಅಲಾರ್ಮ್ ಬರುತ್ತದೆ. ಎಂ98ರ ಪಿ ಬೇರೆ, ಅದು ಕರೆಯಬೇಕಾದ ಸಬ್‌ಪ್ರೋಗ್ರಾಮ್‌ನ ನಂಬರ್. ಸಾಧ್ಯವಾದರೆ ಎಡಿಟರ್‌ನಲ್ಲಿ ಅಳಿಸುವುದಕ್ಕಿಂತ ಪೋಸ್ಟ್ ಪ್ರೊಸೆಸರ್ (ಕ್ಯಾಮ್‌ನಲ್ಲಿ ಮೆಷಿನ್‌ಗೆ ತಕ್ಕ ಕೋಡ್ ಬರೆಯುವ ಭಾಗ) ಸೆಟ್ಟಿಂಗ್‌ನಲ್ಲೇ ಸೀಕ್ವೆನ್ಸ್ ನಂಬರ್, ಅಂದರೆ ಎನ್ ನಂಬರ್, ಆಫ್ ಮಾಡಿ, ಟೂಲ್ ಚೇಂಜ್‌ಗೆ ಮಾತ್ರ ಬರುವ ಆಯ್ಕೆ ಇದ್ದರೆ ಅದನ್ನೇ ಹಾಕಿ.

ಇಷ್ಟಾದರೂ ಹಿಡಿಯಲಿಲ್ಲ ಅಂದರೆ ತೊಂದರೆ ನಂಬರ್‌ದಲ್ಲ, ಟೂಲ್‌ಪಾತ್‌ದು, ಅಂದರೆ ಟೂಲ್ ಸಾಗುವ ದಾರಿಯದು. ಕ್ಯಾಮ್ ಒಂದು ಆರ್ಕನ್ನು (ವೃತ್ತದ ತುಂಡು) ನೂರಾರು ಚಿಕ್ಕ ಜಿ1 (ನೇರ ಗೆರೆ) ತುಂಡು ಮಾಡಿ ಕೊಡುತ್ತಿರಬಹುದು. ಆರ್ಕ್ ಫಿಲ್ಟರ್ ಆನ್ ಮಾಡಿದರೆ ಅಷ್ಟೂ ಸೇರಿ ಒಂದು ಜಿ2 ಅಥವಾ ಜಿ3 (ಆರ್ಕ್ ಚಲನೆ) ಆಗುತ್ತದೆ. ರಫಿಂಗ್‌ಗೆ (ಮೊದಲ ಒರಟು ಕಟಿಂಗ್) ಫಿನಿಶಿಂಗ್‌ನಷ್ಟೇ ಬಿಗಿ ಟಾಲರೆನ್ಸ್ ಕೊಟ್ಟಿದ್ದರೆ ಸಡಿಲ ಮಾಡಿ, ಹೇಗೂ ಮೇಲೆ ಫಿನಿಶಿಂಗ್‌ಗೆ ಅಂತ ಅಲೋಯನ್ಸ್ ಬಿಟ್ಟಿರುತ್ತೀರಲ್ವಾ. ಡ್ರಿಲ್ಲಿಂಗ್ ಬಿಡಿಬಿಡಿ ಜೆಡ್ ಚಲನೆಯಾಗಿ ಬರುತ್ತಿದ್ದರೆ ಜಿ81, ಜಿ83 ಡ್ರಿಲ್ಲಿಂಗ್ ಸೈಕಲ್ (ಪೂರ್ತಿ ಕೆಲಸ ಒಂದೇ ಆದೇಶದಲ್ಲಿ) ಬಳಸಿ, ಹೋಲ್‌ಗೆ ಒಂದೇ ಸಾಲು ಸಾಕು. ಸೈಜ್ ಕಡಿಮೆ ಮಾಡಲು ಎಕ್ಸ್10.000 ದ ಸೊನ್ನೆಗಳನ್ನೂ ಕತ್ತರಿಸಬಹುದು, ಆದರೆ ಚುಕ್ಕಿ ಮಾತ್ರ ತೆಗೆಯಬೇಡಿ. ಕೆಲವು ಸೆಟ್ಟಿಂಗ್‌ನಲ್ಲಿ ಚುಕ್ಕಿ ಇಲ್ಲದ ಎಕ್ಸ್10 ಅಂದರೆ 10 ಮಿಮೀ ಅಲ್ಲ, 0.010 ಮಿಮೀ.

ಆಮೇಲೂ ದೊಡ್ಡದಾದರೆ ಡಿಎನ್‌ಸಿಯಲ್ಲಿ, ಅಂದರೆ ಮೆಮೊರಿಗೆ ಹಾಕದೆ ಸ್ವಲ್ಪ ಸ್ವಲ್ಪವೇ ಕಳಿಸುತ್ತಾ, ಕಂಪ್ಯೂಟರ್‌ನಿಂದಲೇ ಓಡಿಸಿ. ಅಲ್ಲೂ ನಂಬರ್ ಇಲ್ಲದಿರುವುದೇ ಒಳ್ಳೆಯದು. 9600 ಬಾಡ್‌ನಲ್ಲಿ (ಡೇಟಾ ಕಳಿಸುವ ವೇಗ) ಸೆಕೆಂಡಿಗೆ ಹೆಚ್ಚುಕಮ್ಮಿ 900 ಅಕ್ಷರ ಹೋಗುತ್ತದೆ, ಅದರಲ್ಲಿ ಕಾಲು ಭಾಗ ನಂಬರ್ ತಿಂದರೆ ಚಿಕ್ಕ ಚಿಕ್ಕ ಸೆಗ್ಮೆಂಟ್ ಇರುವ ಕಡೆ ಮುಂದಿನ ಬ್ಲಾಕ್ ಬರುವವರೆಗೆ ಟೂಲ್ ನಿಂತು ನಿಂತು ಹೋಗಿ ಫಿನಿಶ್ ಮೇಲೆ ಗುರುತು ಬೀಳುತ್ತದೆ.