ನಿಮ್ಮ ಎರೆಮಣ್ಣಿನ ಲೇಖನ: 34 ಎಂಬ ಅಂಕಿಯಿಂದ ಶುರು ಮಾಡೋಣ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಎರೆಮಣ್ಣಿನ ಗುಣಲಕ್ಷಣಗಳು’ ಲೇಖನವನ್ನು ಕೋಷ್ಟಕಗಳ ಸಮೇತ ಎರಡು ಸಲ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹಾಗಂತ ಒಂದು ಸಾಲಿನ ವಿಷಾದ ಬರೆದು ವಾಪಸ್ ಕಳಿಸುವ ಬರಹವೂ ಅಲ್ಲ. 150 ಸೆಂ.ಮೀ. ಗುಂಡಿ ತೋಡಿ, ಐದು ಪದರಗಳಿಂದ ಮಾದರಿ ತೆಗೆದು, ಲ್ಯಾಬಿಗೆ ಕೊಟ್ಟು, ಮಳೆಯ ಲೆಕ್ಕ ಕಲೆಹಾಕಿ ಬರೆದಿದ್ದೀರಿ. ಅಷ್ಟು ದುಡಿದವರಿಗೆ ಮುಲಾಜಿಲ್ಲದ ಉತ್ತರ ಕೊಡುವುದೇ ಸರಿ.

ಲೇಖನದಲ್ಲಿ ಲ್ಯಾಬ್, ಹವಾಮಾನ, ಭೂರೂಪ ಎಂದು ಮೂರು ಭಾಗಗಳಿವೆ. ಒಂದೊಂದೂ ತನ್ನಷ್ಟಕ್ಕೆ ತಾನು ಮುಗಿಯುತ್ತದೆ. ಲ್ಯಾಬಿನ ಅಂಕಿ ಸರಿಯೇ ಎಂದು ಹೊಲದ ಬಿರುಕು ಕೇಳುವುದಿಲ್ಲ, ಬಿರುಕು ಎಷ್ಟು ದಿನ ತೆರೆದಿತ್ತು ಎಂದು ಮಳೆಯ ಪಟ್ಟಿ ಕೇಳುವುದಿಲ್ಲ. ಒಂದು ಮಣ್ಣಿನ ಗುಣ ನಿರ್ಧರಿಸುವುದೆಂದರೆ ಈ ಮೂರನ್ನೂ ಒಂದರಿಂದೊಂದು ಪರೀಕ್ಷಿಸುವುದು. ನಿಮ್ಮ ಕೋಷ್ಟಕದ ಒಂದೇ ಸಾಲಿನಲ್ಲಿ ಇದನ್ನು ತೋರಿಸಬಹುದು.

45ರಿಂದ 80 ಸೆಂ.ಮೀ. ಪದರವನ್ನು ನೋಡಿ. ಜೇಡಿ, ಅಂದರೆ ಮಣ್ಣಿನ ಅತಿ ನಯವಾದ ಕಣಗಳ ಅಂಶ ಶೇ. 34 ಎಂದು ಕೊಟ್ಟಿದ್ದೀರಿ. ಪಕ್ಕದಲ್ಲೇ, 1500 ಕಿಲೋಪಾಸ್ಕಲ್ ಒತ್ತಡದಲ್ಲಿ ಮಣ್ಣು ಹಿಡಿದಿಟ್ಟುಕೊಂಡ ನೀರು (ಬೆಳೆಯ ಬೇರಿಗೆ ಸಿಗದಷ್ಟು ಬಿಗಿಯಾಗಿ ಉಳಿದದ್ದು) ಶೇ. 24. ಇನ್ನೂ ಎರಡು ಕಾಲಂ ದಾಟಿದರೆ ಕ್ಯಾಟಯಾನ್ ವಿನಿಮಯ ಸಾಮರ್ಥ್ಯ (ಕ್ಯಾಲ್ಸಿಯಂನಂಥ ಧನ ಅಯಾನುಗಳನ್ನು ಮಣ್ಣು ಹಿಡಿದಿಡುವ ಶಕ್ತಿ) ಕಿಲೋಗೆ 52 ಸೆಂಟಿಮೋಲ್. ಈ ಮೂರೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ನೀರಿನ ಅಂಕಿಯನ್ನು ಜೇಡಿಯ ಅಂಕಿಯಿಂದ ಭಾಗಿಸಿ: 0.71. ಬಹುಪಾಲು ಮಣ್ಣುಗಳಲ್ಲಿ ಇದು 0.4ರ ಆಸುಪಾಸು ಇರುತ್ತದೆ. 0.6 ಮುಟ್ಟಿತೆಂದರೆ ಜೇಡಿಯ ಅಳತೆಯನ್ನು ಅನುಮಾನಿಸಬೇಕು. ಇನ್ನು 52ನ್ನು ಶೇ. 34 ಜೇಡಿಯೇ ಹೊತ್ತಿದೆ ಎಂದಾದರೆ, ಕಿಲೋ ಜೇಡಿಗೆ 153 ಸೆಂಟಿಮೋಲ್ ಬರುತ್ತದೆ. ಹಿಗ್ಗಿ ಕುಗ್ಗುವ ಸ್ಮೆಕ್ಟೈಟ್ ಖನಿಜಕ್ಕೇ ಸಾಮಾನ್ಯವಾಗಿ 80ರಿಂದ 120. ಉಳಿದದ್ದು ಎಲ್ಲಿಂದ ಬಂತು? ಸಾವಯವ ಇಂಗಾಲ ಬರೀ ಶೇ. 0.6 ಇರುವ ಪದರದಲ್ಲಿ ಅದು ಸಾವಯವದ್ದಂತೂ ಅಲ್ಲ.

ಅನುಮಾನ ಬಂದಾಗ ಬಳಸುವ ಒಂದು ಸರಳ ಅಂದಾಜಿದೆ. 1500 ಕಿಲೋಪಾಸ್ಕಲ್ ನೀರಿನಿಂದ ಸಾವಯವ ಇಂಗಾಲವನ್ನು ಕಳೆದು 2.5ರಿಂದ ಗುಣಿಸುವುದು. ನಿಮ್ಮ ಪದರಕ್ಕೆ ಅದು 58.5 ಆಗುತ್ತದೆ. (ಜ್ವಾಲಾಮುಖಿ ಬೂದಿಯಿಂದಾದ ಮಣ್ಣಿಗೆ ಈ ಲೆಕ್ಕ ಹೊಂದದು, ನಿಮ್ಮದಕ್ಕೆ ಹೊಂದುತ್ತದೆ.) ಈಗ 52ನ್ನು ಮತ್ತೆ ಹಂಚಿ: ಕಿಲೋ ಜೇಡಿಗೆ 89. ಸ್ಮೆಕ್ಟೈಟ್‌ಗೆ ಸರಿಯಾಗಿ ಕೂರುತ್ತದೆ. ಅಂದರೆ ಸುಳ್ಳು ಹೇಳುತ್ತಿರುವುದು 34.

ಹೀಗಾಗುವುದು ಏಕೆ? ಮಣ್ಣಿನ ಕಣಗಳು ಪೂರ್ತಿ ಬಿಡಿಯಾಗಿರಲಿಲ್ಲ. ನಿಮ್ಮ ಮಣ್ಣಿನಲ್ಲಿ ಸುಣ್ಣ ಶೇ. 9 ಇದೆ. ಸುಣ್ಣ ಅಂಟಿನಂತೆ ಕಣಗಳನ್ನು ಹಿಡಿದಿರುತ್ತದೆ, ಜೊತೆಗೆ ಕ್ಯಾಲ್ಸಿಯಂ ಅಯಾನು ಜೇಡಿಯನ್ನು ಮತ್ತೆ ಮತ್ತೆ ಗಂಟುಗಟ್ಟಿಸುತ್ತದೆ. ಕಣ ಬಿಡಿಸುವ ರಾಸಾಯನಿಕ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಹತ್ತು ನಿಮಿಷ ಕಲಕಿದರೆ ಇಂಥ ಮಣ್ಣು ಬಿಡಿಸಿಕೊಳ್ಳುವುದಿಲ್ಲ. ರಾತ್ರಿಯಿಡೀ ನೆನೆಸಿ, ಶೇಕರಿನಲ್ಲಿ ಅಲುಗಾಡಿಸಬೇಕು. ಪರೀಕ್ಷೆ ಸುಲಭ: ತೊಳೆದು 0.05 ಮಿ.ಮೀ. ಜರಡಿಯ ಮೇಲೆ ಉಳಿದ ‘ಮರಳ’ನ್ನು ಭೂತಗನ್ನಡಿಯಲ್ಲಿ ನೋಡಿ, ಉಗುರಿನ ಮೇಲಿಟ್ಟು ಒತ್ತಿ. ನಿಜವಾದ ಮರಳು ಕರಕರ ಅನ್ನುತ್ತದೆ. ಬಿಡಿಯಾಗದ ಜೇಡಿಯ ಉಂಡೆ ಕಂದು ಹಿಟ್ಟಾಗಿ ಉಗುರಿಗೆ ಮೆತ್ತಿಕೊಳ್ಳುತ್ತದೆ.

ಇನ್ನೊಂದು ಕಡೆಯೂ ಕಣ್ಣಿಡಿ. ನೀರಿನಲ್ಲಿ ಕಲಕಿದ ಮಣ್ಣಿನ ದೊಡ್ಡ ಕಣಗಳು ಕೆಳಗಿಳಿದ ಮೇಲೆ 10 ಸೆಂ.ಮೀ. ಆಳದಿಂದ ಪಿಪೆಟ್ಟಿನಲ್ಲಿ ಜೇಡಿ ತೆಗೆಯಲು 20 ಡಿಗ್ರಿಯಲ್ಲಿ ಸುಮಾರು 8 ಗಂಟೆ ಕಾಯಬೇಕು, 30 ಡಿಗ್ರಿಯಲ್ಲಿ ಆರೂಕಾಲು ಗಂಟೆಯ ಆಸುಪಾಸು ಸಾಕು. ಬಿಸಿ ಕೋಣೆಯಲ್ಲಿ 8 ಗಂಟೆಯನ್ನೇ ಹಿಡಿದು ಕೂತರೆ ಸ್ವಲ್ಪ ಜೇಡಿಯೂ ಕೆಳಗಿಳಿದು ಅಂಕಿ ಕುಗ್ಗುತ್ತದೆ. ನಿಮ್ಮ ಲೇಖನದಲ್ಲಿ ಉಷ್ಣಾಂಶವೂ ಇಲ್ಲ, ವಿಧಾನದ ಹೆಸರೂ ಇಲ್ಲ. ‘ಲ್ಯಾಬಿನಲ್ಲಿ ಪರೀಕ್ಷಿಸಲಾಯಿತು’ ಎಂಬ ವಾಕ್ಯದಿಂದ ಓದುಗರಿಗೆ ಏನೂ ತಿಳಿಯದು.

ಉಳಿದ ಅಂಕಿಗಳಲ್ಲಿ ಕೆಲವು ಬೇಗ ಸರಿಹೋಗುವಂಥವು. ಪಿಎಚ್ 8.4 ಎಂದಿದ್ದೀರಿ. ಮಣ್ಣು–ನೀರಿನ ಪ್ರಮಾಣ 1:1 ಇತ್ತೇ, 1:2.5 ಇತ್ತೇ? ನೀರು ಹೆಚ್ಚಿದಷ್ಟೂ ಸುಣ್ಣದ ಮಣ್ಣಿನ ಪಿಎಚ್ ಮೇಲೇರುತ್ತದೆ. ವಿದ್ಯುತ್ ವಾಹಕತೆಯನ್ನು 1:2.5 ದ್ರಾವಣದಲ್ಲಿ ಅಳೆದು, ಮೀಟರಿಗೆ 4 ಡೆಸಿಸೀಮನ್ಸ್ ಮಿತಿಗೆ ಹೋಲಿಸಿ ‘ಲವಣವಿಲ್ಲ’ ಎಂದು ತೀರ್ಮಾನಿಸಿದ್ದೀರಿ. ಆ ಮಿತಿ ಇರುವುದು ಸ್ಯಾಚುರೇಶನ್ ಪೇಸ್ಟಿನಿಂದ (ನೀರು ತುಂಬಿಸಿ ಕಲಸಿದ ಮಣ್ಣಿನ ಮುದ್ದೆಯಿಂದ) ಹಿಂಡಿ ತೆಗೆದ ರಸಕ್ಕೆ. ತೆಳು ದ್ರಾವಣದಲ್ಲಿ ಅಂಕಿ ತಾನಾಗಿಯೇ ಇಳಿಯುತ್ತದೆ. ಪ್ರತ್ಯಾಮ್ಲ ಸಂತೃಪ್ತಿ (ವಿನಿಮಯ ಸಾಮರ್ಥ್ಯದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವು ತುಂಬಿದ ಪಾಲು) ಶೇ. 117 ಎಂಬುದೂ ಹಾಗೆಯೇ ನಿಂತುಬಿಟ್ಟಿದೆ. ಶೇ. 100 ದಾಟಿದ ಸಂತೃಪ್ತಿ ಹೇಗೆ ಸಾಧ್ಯ ಎಂದು ನಿಮಗೇ ಅನ್ನಿಸಬೇಕಿತ್ತು. ಈ ಅಳತೆಗೆ ಬಳಸುವ ಅಮೋನಿಯಂ ಅಸಿಟೇಟ್ ದ್ರಾವಣ ಸುಣ್ಣವನ್ನೂ ಒಂದಿಷ್ಟು ಕರಗಿಸಿ ಆ ಕ್ಯಾಲ್ಸಿಯಂ ಅನ್ನು ವಿನಿಮಯದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಅಂಥ ಕಡೆ ಸಂತೃಪ್ತಿಯನ್ನು 100 ಎಂದೇ ಹಿಡಿದು, ಕಾರಣವನ್ನು ಕೋಷ್ಟಕದ ಕೆಳಗೆ ಬರೆಯಿರಿ. ಸುಣ್ಣದ ಹರಳುಗಳನ್ನು ಜರಡಿ ಹಿಡಿದು ತೆಗೆದಿರೋ, ಕುಟ್ಟಿ ಮಾದರಿಗೇ ಸೇರಿಸಿದಿರೋ ಎಂಬುದನ್ನೂ ಹೇಳಿ, ಶೇ. 9ರ ಅರ್ಥ ಅದರ ಮೇಲೆ ನಿಂತಿದೆ.

ಎಲ್ಲ ಅಂಕಿಗಳೂ ಒಲೆಯಲ್ಲಿ 105 ಡಿಗ್ರಿಗೆ ಒಣಗಿಸಿದ ತೂಕದ ಮೇಲಿರಲಿ. ಇಂಥ ಮಣ್ಣು ನೆರಳಲ್ಲಿ ಒಣಗಿ ಗಟ್ಟಿಯಾದ ಮೇಲೂ ಶೇ. 6ರಿಂದ 8ರಷ್ಟು ನೀರನ್ನು ಬಚ್ಚಿಟ್ಟುಕೊಂಡಿರುತ್ತದೆ.

ನಿಮ್ಮ ಮೊದಲ ವಾಕ್ಯವೇ ‘ಕಪ್ಪು ಬಣ್ಣವೇ ಈ ಮಣ್ಣಿನ ಫಲವತ್ತತೆಯ ಗುರುತು’ ಎನ್ನುತ್ತದೆ. ಅದನ್ನು ತೆಗೆದುಹಾಕಿ. ಶೇ. 0.6 ಸಾವಯವ ಇಂಗಾಲದ ಪದರವೂ ನಿಮ್ಮ ಬಣ್ಣದ ಪಟ್ಟಿಯಲ್ಲಿ 10 ವೈಆರ್ 3/1, ಅಂದರೆ ಕಪ್ಪಿಗೆ ಹತ್ತಿರದ ಗಾಢ ಬೂದು ಇದೆ. ಕಡಿಮೆ ಹ್ಯೂಮಸ್ ಕೂಡ ಸ್ಮೆಕ್ಟೈಟ್ ಜೇಡಿಗೆ ಅಂಟಿ ಇಡೀ ಮಣ್ಣನ್ನು ಕಪ್ಪಾಗಿಸಬಲ್ಲದು. ರಷ್ಯಾದ ಹುಲ್ಲುಗಾವಲಿನ ಕಪ್ಪು ಮಣ್ಣಾದ ಚೆರ್ನೋಜೆಮ್ ಬಗ್ಗೆ ಮಣ್ಣುವಿಜ್ಞಾನಿ ದೊಕುಚಾಯೆವ್ 1883ರಲ್ಲಿ ಬರೆದದ್ದನ್ನು ನೀವು ಉಲ್ಲೇಖಿಸಿದ್ದೀರಿ. ಆ ಮಣ್ಣಿನ ಕಪ್ಪು ಹೇರಳ ಸಾವಯವದ್ದು. ಎರಡೂ ಕಪ್ಪು ಅನ್ನುವುದನ್ನು ಬಿಟ್ಟರೆ ಅದು ಬೇರೆ ಮಣ್ಣು, ಇದು ಬೇರೆ.

ನಿಮ್ಮ ಬರಹದ ಅತ್ಯುತ್ತಮ ಭಾಗ ನಾಲ್ಕನೇ ಪುಟದಲ್ಲಿದೆ: 72 ಸೆಂ.ಮೀ. ಆಳದಲ್ಲಿ ಹೊಳಪಾದ, ಗೀರು ಬಿದ್ದ ಎರಡು ಮುಖಗಳು ಸುಮಾರು 40 ಡಿಗ್ರಿ ಓರೆಯಲ್ಲಿ ಒಂದನ್ನೊಂದು ಕತ್ತರಿಸಿದ್ದನ್ನು ವರ್ಣಿಸಿದ್ದೀರಿ. ಅದೇ ಸ್ಲಿಕನ್‌ಸೈಡ್. ಹಿಗ್ಗಿದ ಮಣ್ಣು ಪಕ್ಕದ ಮಣ್ಣನ್ನು ತಳ್ಳಿ, ಉಜ್ಜಿ ಮಾಡಿದ ಗುರುತು. ಒಂದು ಮಣ್ಣನ್ನು ವರ್ಟಿಸಾಲ್ (ಹಿಗ್ಗಿ ಕುಗ್ಗಿ ಬಿರುಕುಬಿಡುವ ಜೇಡಿಮಣ್ಣಿನ ವರ್ಗ) ಎಂದು ಕರೆಯಲು ಮೇಲಿನ 100 ಸೆಂ.ಮೀ. ಒಳಗೆ ಶುರುವಾಗುವ, ಕನಿಷ್ಠ 25 ಸೆಂ.ಮೀ. ದಪ್ಪದ ಪದರದಲ್ಲಿ ಇದು ಇರಬೇಕು, ಅಥವಾ 10ರಿಂದ 60 ಡಿಗ್ರಿ ಓರೆಯಾದ ಬೆಣೆಯಾಕಾರದ ಹೆಂಟೆಗಳಿರಬೇಕು. ಜೊತೆಗೆ ಶೇ. 30 ಜೇಡಿ, ತೆರೆದು ಮುಚ್ಚುವ ಬಿರುಕು. ಆದರೆ ಒಂದು ಮಾತು ಸೇರಿಸಿ: ಆ ಮುಖಗಳು ಗುದ್ದಲಿ ಏಟಿನಿಂದ ಆದವಲ್ಲ ಎಂದು ಹೇಗೆ ಗೊತ್ತಾಯಿತು? ಹಸಿ ಜೇಡಿಯನ್ನು ಗುದ್ದಲಿ ಸವರಿದರೂ ಥೇಟ್ ಹೀಗೇ ಹೊಳೆಯುತ್ತದೆ. ಗುಂಡಿಯ ಗೋಡೆಯನ್ನು ಕೊಯ್ಯದೆ, ಚಾಕುವಿನ ತುದಿಯಿಂದ ಹೆಂಟೆಯನ್ನು ಮೀಟಿ, ಅದು ತಾನಾಗಿ ಬಿಟ್ಟುಕೊಳ್ಳುವ ಕಡೆ ಬಿಡಿಸಿದಾಗ ಕಂಡ ಹೊಳಪು ಮಾತ್ರ ಲೆಕ್ಕಕ್ಕೆ.

ಹಿಗ್ಗುವಿಕೆಗೆ ನಿಮ್ಮಲ್ಲೇ ಪುರಾವೆ ಬಿದ್ದಿದೆ, ಬಳಸಿಕೊಂಡಿಲ್ಲ. 45–80ರ ಪದರದ ಹೆಂಟೆಯ ಸಾಂದ್ರತೆ 33 ಕಿಲೋಪಾಸ್ಕಲ್ ತೇವದಲ್ಲಿ (ನೆನೆದು ನೀರು ಬಸಿದ ಮೇಲಿನ ಸ್ಥಿತಿ) 1.25, ಒಲೆಯಲ್ಲಿ ಒಣಗಿದಾಗ 1.75. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಘನಮೂಲ ತೆಗೆದು, 1 ಕಳೆಯಿರಿ: 0.119. ಇದು 0.09 ದಾಟಿದರೇ ಅತಿ ಹೆಚ್ಚು ಎಂಬ ವರ್ಗ. 35 ಸೆಂ.ಮೀ. ದಪ್ಪದ ಈ ಒಂದೇ ಪದರ ಪೂರ್ತಿ ಒಣಗಿದರೆ ಸುಮಾರು 4 ಸೆಂ.ಮೀ. ಕುಗ್ಗಬಲ್ಲದು. ಲ್ಯಾಬ್ ಭಾಗದ ಈ ಅಂಕಿಯನ್ನು ಬಿರುಕಿನ ವಿವರಣೆಯ ಪಕ್ಕಕ್ಕೆ ತನ್ನಿ.

ಹವಾಮಾನ ಭಾಗಕ್ಕೆ ಬರೋಣ. ವರ್ಷದ ಸರಾಸರಿ ಮಳೆ 620 ಮಿ.ಮೀ., ಸಂಭವನೀಯ ಬಾಷ್ಪೀಕರಣ 1,550 ಮಿ.ಮೀ., ಭಾಗಿಸಿದರೆ 0.4, ಆದ್ದರಿಂದ ಅರೆಶುಷ್ಕ. ಇಷ್ಟು ಸರಿ. ಆದರೆ ಇದರಿಂದಲೇ ಮಣ್ಣನ್ನು ವರ್ಟಿಸಾಲ್‌ನ ‘ಉಸ್ಟರ್ಟ್’ ಉಪವರ್ಗಕ್ಕೆ ಸೇರಿಸಿದ್ದೀರಿ. ಆ ಹೆಸರನ್ನು ನಿರ್ಧರಿಸುವುದು ಬಿರುಕು ತೆರೆದಿರುವ ದಿನಗಳು. ಮೇಲಿನ 50 ಸೆಂ.ಮೀ. ಒಳಗೆ, 25 ಸೆಂ.ಮೀ. ದಪ್ಪದುದ್ದಕ್ಕೂ, ಕನಿಷ್ಠ 5 ಮಿ.ಮೀ. ಅಗಲದ ಬಿರುಕು ಸಾಮಾನ್ಯ ವರ್ಷದಲ್ಲಿ ಒಟ್ಟು 90 ದಿನವಾದರೂ ತೆರೆದಿರಬೇಕು. 620 ಮಿ.ಮೀ. ಮಳೆ ಎರಡು ತಿಂಗಳಲ್ಲಿ ಸುರಿದರೆ ಒಂದು ಕಥೆ, ಆರು ತಿಂಗಳಿಗೆ ಹರಡಿದರೆ ಇನ್ನೊಂದು. ತಿಂಗಳವಾರು ಮಳೆ ಮತ್ತು ಬಾಷ್ಪೀಕರಣವನ್ನು ಅಕ್ಕಪಕ್ಕ ಕೊಡಿ.

ದಿನಗಳನ್ನು ಎಣಿಸುವುದು ಕಷ್ಟದ ಕೆಲಸವಲ್ಲ. ನೀರಾವರಿ ಇಲ್ಲದ ಜಾಗದಲ್ಲಿ 10 ಮೀಟರ್ ಗೆರೆಗಳನ್ನು ಗುರುತು ಮಾಡಿ, ವಾರಕ್ಕೊಮ್ಮೆ ಗೆರೆ ದಾಟುವ ಪ್ರತಿ ಬಿರುಕಿನ ಅಗಲ ಅಳೆದು, ತೆಳು ಉಕ್ಕಿನ ಕಡ್ಡಿ ಇಳಿಸಿ ಆಳ ನೋಡಬೇಕು. ಮೇಲ್ಮೈ ನೋಡಿ ಮೋಸ ಹೋಗಬೇಡಿ. ಸಣ್ಣ ಮಳೆಗೆ ಮೇಲಿನ ಉದುರು ಹರಳು ಬಿರುಕಿನ ಬಾಯಿ ಮುಚ್ಚುತ್ತದೆ, ಕೆಳಗೆ ಬಿರುಕು ಹಾಗೇ ಇರುತ್ತದೆ. ಮೊದಲ ದೊಡ್ಡ ಮಳೆಯ ನೀರು ಬಿರುಕಿನ ಮೂಲಕ ನೇರ ಆಳಕ್ಕೆ ಇಳಿದು ತಳವನ್ನೇ ಮೊದಲು ನೆನೆಸುವುದೂ ಉಂಟು. ಆದ್ದರಿಂದ, ಮೇಲಿನಿಂದ ಪದರ ಪದರವಾಗಿ ನೀರು ತುಂಬುತ್ತದೆ ಎಂದು ಭಾವಿಸುವ ನಿಮ್ಮ ತೇವಾಂಶದ ಲೆಕ್ಕ ಈ ಮಣ್ಣಿಗೆ ಹಾಗೇ ಒಪ್ಪುವುದಿಲ್ಲ.

ಭೂರೂಪದ ಭಾಗ ಮೂರರಲ್ಲಿ ಅತ್ಯಂತ ದುರ್ಬಲ. 30 ಮೀಟರ್ ಚೌಕದ ಉಪಗ್ರಹ ಎತ್ತರ ದತ್ತಾಂಶದಿಂದ ಇಳಿಜಾರು ಶೇ. 2.7 ಎಂದು ತೆಗೆದಿದ್ದೀರಿ. ಶೇ. 1ರ ಇಳಿಜಾರಿನಲ್ಲಿ 30 ಮೀಟರಿಗೆ ಎತ್ತರ ಬದಲಾಗುವುದು 30 ಸೆಂ.ಮೀ. ಆ ದತ್ತಾಂಶದ ದೋಷವೇ ಹಲವು ಮೀಟರ್. ಸಮತಟ್ಟು ಬಯಲಿನಲ್ಲಿ ಅದು ಕೊಡುವ ಇಳಿಜಾರು ಬಹುತೇಕ ಅಳತೆಯ ದೋಷವೇ. ಲೆವೆಲ್ ಉಪಕರಣ ಇಟ್ಟು 100 ಮೀಟರ್ ಅಳೆಯಿರಿ. ಹಾಗೇ, ಆ ನೆಲದಲ್ಲಿ ಗಿಲ್ಗಾಯ್ ಎನ್ನುವ ಸಣ್ಣ ಉಬ್ಬು–ತಗ್ಗುಗಳಿವೆಯೇ ನೋಡಿ. ಇದ್ದರೆ ಒಂದು ಗುಂಡಿ ಸಾಲದು. ಉಬ್ಬಿನಲ್ಲಿ ಸುಣ್ಣ ಮೇಲಕ್ಕೇ ಸಿಗುತ್ತದೆ, ತಗ್ಗಿನಲ್ಲಿ ಆಳಕ್ಕೆ ಹೋಗಿರುತ್ತದೆ. ಎರಡನ್ನೂ ಸೀಳುವ ಒಂದು ಕಂದಕ ತೆಗೆಸಿದರೆ ಅತ್ಯುತ್ತಮ. ಆಳ ಹೆಚ್ಚಾದಂತೆ ಗೋಡೆಯನ್ನು ಮೆಟ್ಟಿಲು ಮಾಡಿ. ಬಿರುಕುಬಿಟ್ಟ ಮಣ್ಣು ಎಚ್ಚರಿಕೆ ಕೊಡದೆ ಕುಸಿಯುತ್ತದೆ.

‘ಕೆಳಗಿನ ಬಸಾಲ್ಟ್ ಬಂಡೆ ಶಿಥಿಲಗೊಂಡು ಈ ಮಣ್ಣಾಯಿತು’ ಎಂಬ ನಿಮ್ಮ ವಾಕ್ಯಕ್ಕೂ ಪುರಾವೆ ಬೇಕು. ಗುಂಡಿ ಇರುವುದು ಇಳಿಜಾರಿನ ಬುಡದಲ್ಲಿ. ಮೇಲಿನಿಂದ ಹರಿದುಬಂದ ಮಣ್ಣೂ, ನೀರಿನೊಂದಿಗೆ ಬಂದ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಅಲ್ಲಿ ಸೇರಿ ಸ್ಮೆಕ್ಟೈಟ್ ಹುಟ್ಟಲು ಅನುಕೂಲವಾಗುತ್ತದೆ. ದಿಬ್ಬದ ಮೇಲೆ ಕೆಂಪು, ಬುಡದಲ್ಲಿ ಕಪ್ಪು ಮಣ್ಣು ಸಾಲಾಗಿ ಬರುವುದು ಹೀಗೆ. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಮಣ್ಣುವಿಜ್ಞಾನಿ ಮಿಲ್ನ್ 1935ರಲ್ಲಿ ಇಂಥ ಸರಣಿಗೆ ‘ಕಟೀನಾ’ ಎಂದು ಹೆಸರಿಟ್ಟರು. ಪರೀಕ್ಷಿಸಲು ಜೇಡಿಯನ್ನು ಬಿಟ್ಟು ಉಳಿದ ಭಾಗದಲ್ಲಿ ಒರಟು ಮರಳಿಗೂ ನಯ ಮರಳಿಗೂ ಇರುವ ಅನುಪಾತವನ್ನು ಪ್ರತಿ ಪದರಕ್ಕೂ ಲೆಕ್ಕಹಾಕಿ. ಒಂದು ಆಳದಲ್ಲಿ ಅದು ಥಟ್ಟನೆ ಬದಲಾದರೆ, ಅಥವಾ ಅಲ್ಲಿ ಉರುಟು ಕಲ್ಲುಗಳ ಸಾಲು ಕಂಡರೆ, ಮೇಲಿನ ಮಣ್ಣು ಬೇರೆಡೆಯಿಂದ ಬಂದದ್ದು.

ಇಷ್ಟೆಲ್ಲ ಒಂದೇ ಸಲ ಮಾಡಬೇಕಿಲ್ಲ. 45–80ರ ಪದರದ ಮಾದರಿ ಡಬ್ಬಿಯಲ್ಲಿ ಉಳಿದಿದ್ದರೆ, ಅದರಿಂದ ಎರಡು ಪಾಲು ತೆಗೆದು, ರಾತ್ರಿಯಿಡೀ ಶೇಕರಿನಲ್ಲಿಟ್ಟು ಜೇಡಿ ಅಂಶವನ್ನು ಮೊದಲು ಮತ್ತೆ ಮಾಡಿಸಿ. ಎರಡೂ 55ರ ಮೇಲೆ ಬಂದರೆ ಉಳಿದ ನಾಲ್ಕು ಪದರಗಳನ್ನೂ ಅದೇ ಕ್ರಮದಲ್ಲಿ ಅಳೆಸಿ, ಕೋಷ್ಟಕವನ್ನು ಹೊಸದಾಗಿ ಕಟ್ಟಿ ಕಳಿಸಿ. 40ರೊಳಗೇ ನಿಂತರೆ 1500 ಕಿಲೋಪಾಸ್ಕಲ್ ನೀರನ್ನೂ ವಿನಿಮಯ ಸಾಮರ್ಥ್ಯವನ್ನೂ ಮರುಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಬರೆಯುವ ಕೆಲಸ ನಿಲ್ಲಿಸಿ.

ವಿಶ್ವಾಸದಿಂದ,
ಸಂಪಾದಕರು