ಜೂಮ್ ಜಾಸ್ತಿ ಇರಬೇಕೋ, ಸೆನ್ಸರ್ ದೊಡ್ಡದಿರಬೇಕೋ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ದಿನಾ ಬೆಳಿಗ್ಗೆ ಜಕ್ಕೂರು ಕೆರೆ ಸುತ್ತ ವಾಕಿಂಗ್ ಹೋಗುತ್ತೇನೆ. ಈಗ ಹಕ್ಕಿಗಳ ಫೋಟೊ ತೆಗೆಯುವ ಆಸೆ ಹುಟ್ಟಿದೆ. ಮಗ ಮಿರರ್‌ಲೆಸ್ ಅನ್ನುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ತಗೋ ಅನ್ನುತ್ತಾನೆ. ಅಂಗಡಿಯವರು 83 ಎಕ್ಸ್ ಜೂಮ್ ಇರುವ ನಿಕಾನ್ ಪಿ950 ತೋರಿಸಿ ಇದೇ ಸಾಕು ಅಂದರು. ಕೈಯಲ್ಲಿ 80 ಸಾವಿರ ಇದೆ. ಯಾವುದು ತಗೊಳ್ಳಲಿ?
– ಓದುಗರು, ಸಹಕಾರನಗರ

ಉತ್ತರ: ಮೇಡಂ, ನಿಮಗೆ ಪಿ950 ಥರದ ಸೂಪರ್ ಜೂಮೇ ಸರಿ. ಮಗ ಹೇಳಿದ್ದು ತಪ್ಪು ಅಂತಲ್ಲ. ಅವರು ಫೋಟೊದ ಗುಣಮಟ್ಟ ನೋಡಿ ಹೇಳುತ್ತಿದ್ದಾರೆ, ನಿಮಗೆ ಬೇಕಿರುವುದು ಕೆರೆ ನಡುವಿನ ದಿಬ್ಬದ ಮೇಲೆ ಕೂತ ಹಕ್ಕಿ.

ಈ 83 ಎಕ್ಸ್ ಅನ್ನುವುದು ಏನು ಅಂತ ಮೊದಲು ನೋಡೋಣ. ಪಿ950 ಮೇಲೆ 24ರಿಂದ 2000 ಮಿ.ಮೀ. ಅಂತ ಹೇಳುತ್ತಾರಲ್ಲ, ಅದು ಹಳೆಯ ಫಿಲಂ ಕ್ಯಾಮೆರಾಕ್ಕೆ ಹೋಲಿಸಿ ಕೊಟ್ಟ ಲೆಕ್ಕ. ಈ ಸಂಖ್ಯೆ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, 2000 ಅನ್ನುವುದು 24ರ 83 ಪಟ್ಟು. ಒಳಗಿರುವ ಲೆನ್ಸ್ ನಿಜವಾಗಿ 4.3ರಿಂದ 357 ಮಿ.ಮೀ. ಅಷ್ಟೇ. ಅದರ ಹಿಂದಿನ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ತುಂಬಾ ಚಿಕ್ಕದು, ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಂದರೆ ನಿಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕದು, ಹಾಗಾಗಿ ಪೂರ್ತಿ ಜೂಮ್ ಮಾಡಿದಾಗ ಎದುರಿನ ದೃಶ್ಯದ ಸಣ್ಣ ತುಂಡು ಮಾತ್ರ ಅದರ ಮೇಲೆ ಬೀಳುತ್ತದೆ, ಆ ತುಂಡೇ ಇಡೀ ಫೋಟೊ ಆಗುತ್ತದೆ. ದೂರದ ಹಕ್ಕಿ ಹತ್ತಿರ ಬರುವುದು ಹೀಗೆ. ಕಡಿಮೆ ಬೆಳಕಲ್ಲಿ ಫೋಟೊ ಕೆಡುವುದಕ್ಕೂ ಇದೇ ಸೆನ್ಸರ್ ಕಾರಣ. ಸಾಮಾನ್ಯ ಮಿರರ್‌ಲೆಸ್‌ನಲ್ಲಿರುವ ಎಪಿಎಸ್-ಸಿ ಸೆನ್ಸರ್ ಇದಕ್ಕಿಂತ 12-13 ಪಟ್ಟು ದೊಡ್ಡದು, ಹಳೆಯ ಫಿಲಂನಷ್ಟೇ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್ ಆದರೆ 30 ಪಟ್ಟು.

ಈಗ ತೂಕ ನೋಡಿ. ಪಿ950 ಸುಮಾರು ಒಂದು ಕೆ.ಜಿ. ಮಗ ಹೇಳುವ ಥರದ ಕ್ಯಾನನ್ ಆರ್50ರ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) 375 ಗ್ರಾಂ, ಅದಕ್ಕೆ ಆರ್‌ಎಫ್ 100-400 ಲೆನ್ಸ್ ಹಾಕಿದರೆ ಇನ್ನೊಂದು 635 ಗ್ರಾಂ, ಒಟ್ಟು ಅದೂ ಒಂದು ಕೆ.ಜಿ. ಕುತ್ತಿಗೆಗೆ ಬೀಳುವ ಭಾರ ಒಂದೇ. ಆದರೆ ಪಿ950ರಲ್ಲಿ 2000 ಮಿ.ಮೀ. ತನಕ ಹೋಗಬಹುದು, ಆರ್50ರಲ್ಲಿ ಅದೇ ಫಿಲಂ ಲೆಕ್ಕದಲ್ಲಿ 640ಕ್ಕೆ ನಿಲ್ಲಬೇಕು. ಮೇಲಾಗಿ ಬಾಡಿ, ಅದರ ಜೊತೆ ಬರುವ ಸಣ್ಣ ಕಿಟ್ ಲೆನ್ಸ್, ಈ ಉದ್ದದ ಲೆನ್ಸ್ ಮೂರನ್ನೂ ಸೇರಿಸಿದರೆ ನಿಮ್ಮ 80 ಸಾವಿರ ಸಾಲುವುದಿಲ್ಲ. ಉದ್ದದ ಲೆನ್ಸ್ ಬಿಟ್ಟು ಕಿಟ್ ಲೆನ್ಸಲ್ಲೇ ಹೆಜ್ಜಾರ್ಲೆ ತೆಗೆದರೆ ನೀರಿನ ಮೇಲೆ ಒಂದು ಬಿಳಿ ಚುಕ್ಕೆ ಸಿಗುತ್ತದೆ ಅಷ್ಟೇ.

ಒಂದು ಅನುಭವ ಹೇಳುತ್ತೇನೆ. ಹೆಬ್ಬಾಳ ಕೆರೆಯ ದಂಡೆಯಲ್ಲಿ ಇಂಥದ್ದೇ ಸೂಪರ್ ಜೂಮ್ ಹಿಡಿದು ಕೂತಿದ್ದೆ. ಆರೂಕಾಲಿಗೆ ಒಂದು ಮಿಂಚುಳ್ಳಿ ಬಂದು ಒಣಗಿದ ಕೊಂಬೆ ಮೇಲೆ ಕೂತಿತು. ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಎದೆಯ ಗರಿಗಳೆಲ್ಲ ನೀರಲ್ಲಿ ಕಲಸಿದ ಬಣ್ಣದ ಹಾಗೆ. ಅದೇ ಕೊಂಬೆ, ಅದೇ ಹಕ್ಕಿ, ಏಳೂವರೆಗೆ ಬಿಸಿಲು ಬಿದ್ದ ಮೇಲೆ ತೆಗೆದದ್ದರಲ್ಲಿ ಕೊಕ್ಕಿನ ತುದಿಯಲ್ಲಿ ನೇತಾಡುತ್ತಿದ್ದ ನೀರಿನ ಹನಿ ಕೂಡ ಕಾಣುತ್ತಿತ್ತು. ಕ್ಯಾಮೆರಾ ಬದಲಾಗಿರಲಿಲ್ಲ, ಬೆಳಕು ಬದಲಾಗಿತ್ತು. ಆದ್ದರಿಂದ ಏಳರಿಂದ ಒಂಬತ್ತೂವರೆ ನಿಮ್ಮ ಸಮಯ ಅಂತ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಸೆನ್ಸರ್‌ಗೆ ಬೆಳಕು ಸಾಲದು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಬಿಸಿ ಗಾಳಿ ನಡುಗುತ್ತದೆ, 2000 ಮಿ.ಮೀ.ನಲ್ಲಿ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ.

ಹಾರುವ ಹಕ್ಕಿ ಮಾತ್ರ ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ಗರುಡ ತಲೆ ಮೇಲೆ ಸುತ್ತುವಾಗ ಸೂಪರ್ ಜೂಮ್ ಫೋಕಸ್ ಹುಡುಕುವಷ್ಟರಲ್ಲಿ ಅದು ಚೌಕಟ್ಟಿನಿಂದ ಆಚೆ ಹೋಗಿರುತ್ತದೆ. ಹೊಸ ಮಿರರ್‌ಲೆಸ್‌ಗಳು ಹಕ್ಕಿಯ ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತವೆ. ಮುಂದೆ ಹಾರಾಟವನ್ನೇ ಹಿಡಿಯಬೇಕು ಅನ್ನಿಸಿದರೆ ಆಗ ಮಗನ ಮಾತು ಕೇಳಿ. ಸದ್ಯಕ್ಕೆ ಪಿ950ರ ಲೆನ್ಸಿನ ಪಕ್ಕದಲ್ಲಿರುವ ಬಟನ್ ಅಭ್ಯಾಸ ಮಾಡಿಕೊಳ್ಳಿ. ಒತ್ತಿ ಹಿಡಿದರೆ ಜೂಮ್ ಸ್ವಲ್ಪ ಹಿಂದೆ ಸರಿದು ಸುತ್ತಲಿನ ಜಾಗ ಕಾಣುತ್ತದೆ, ತಪ್ಪಿಹೋದ ಹಕ್ಕಿ ಸಿಗುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಜೂಮಿಗೇ ಬರುತ್ತದೆ. ಶುರುವಿನಲ್ಲಿ ಎಲ್ಲರೂ ಒದ್ದಾಡುವುದು ಹಕ್ಕಿಯನ್ನು ಚೌಕಟ್ಟಿಗೆ ತರುವುದಕ್ಕೇ, ಅಲ್ವಾ? ಇನ್ನು ರಂಗನತಿಟ್ಟು, ಕೊಕ್ಕರೆ ಬೆಳ್ಳೂರಿಗೆ ಹೋದಾಗ ಅಷ್ಟು ಜೂಮ್ ಬೇಕಾಗುವುದೇ ಇಲ್ಲ. ಅಲ್ಲಿ ಬಣ್ಣದ ಕೊಕ್ಕರೆಗಳು ಹತ್ತಿರದಲ್ಲೇ ಗೂಡು ಕಟ್ಟಿರುತ್ತವೆ, ರಂಗನತಿಟ್ಟಿನ ದೋಣಿ ಅಲುಗಾಡುವಾಗ ಜೂಮ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ಪ್ರಶ್ನೆ: ಮಗಳ ಭರತನಾಟ್ಯ ರಂಗಪ್ರವೇಶ ಇದೆ. ಮನೆಯಲ್ಲಿ ಸೂಪರ್ ಜೂಮ್ ಕ್ಯಾಮೆರಾ ಇದೆ. ಹಿಂದಿನ ಸಾಲಿನಿಂದಲೇ ಜೂಮ್ ಮಾಡಿ ತೆಗೆಯಬಹುದಾ?
– ಓದುಗರು, ಮಲ್ಲೇಶ್ವರ

ಉತ್ತರ: ದಯವಿಟ್ಟು ಬೇಡ ಸಾರ್. ಈ ದಿನ ಮತ್ತೆ ಬರುವುದಿಲ್ಲ. ಪೂರ್ತಿ ಜೂಮ್ ಮಾಡಿದಾಗ ಆ ಲೆನ್ಸಿನ ಬಾಯಿ ಎಫ್/6.5 ಆಸುಪಾಸಿಗೆ ಕಿರಿದಾಗುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 13 ಪಟ್ಟು ಜಾಸ್ತಿ ಬೆಳಕು ಬಿಡುತ್ತದೆ. ಸಭಾಂಗಣದ ಬೆಳಕಲ್ಲಿ ಸೂಪರ್ ಜೂಮ್ ಶಟರನ್ನು ನಿಧಾನ ಮಾಡುತ್ತದೆ, ಮಗಳ ಕೈಮುದ್ರೆ ಹೊಗೆಯ ಹಾಗೆ ಬರುತ್ತದೆ. ಕ್ಯಾಮೆರಾದಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅನ್ನಬೇಡಿ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಅವಳು ಕುಣಿಯುವುದನ್ನಲ್ಲ.

ಈ ಒಂದು ದಿನಕ್ಕೆ ಹೊಸ ಕ್ಯಾಮೆರಾ ಕೊಳ್ಳಬೇಕಿಲ್ಲ. ಬೆಂಗಳೂರಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಒಂದು ಎಪಿಎಸ್-ಸಿ ಮಿರರ್‌ಲೆಸ್, ಜೊತೆಗೆ 50 ಅಥವಾ 85 ಮಿ.ಮೀ. ಎಫ್/1.8 ಲೆನ್ಸ್ ತನ್ನಿ. ಕಿಟ್ ಲೆನ್ಸ್ ಕೊಟ್ಟರೆ ಬೇಡ ಅನ್ನಿ. ಒಂದು ದಿನ ಮೊದಲೇ ತಂದು, ತಾಲೀಮಿನಲ್ಲಿ ತೆಗೆದು ನೋಡಿ. ಎರಡನೇ ಮೂರನೇ ಸಾಲಲ್ಲಿ, ಸ್ವಲ್ಪ ಪಕ್ಕಕ್ಕೆ ಕೂತುಕೊಳ್ಳಿ. ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡಿನಿಂದ ಶುರು ಮಾಡಿ, ಜತಿ ಜೋರಾದಾಗ 1/500ಕ್ಕೆ ಏರಿಸಿ. ಸದ್ದು ಬರಬಾರದು ಅಂತ ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಹಾಕಬೇಡಿ, ವೇದಿಕೆಯ ಎಲ್‌ಇಡಿ ದೀಪಗಳಿಂದ ಫೋಟೊ ತುಂಬಾ ಅಡ್ಡಪಟ್ಟಿ ಬೀಳಬಹುದು. ಫ್ಲಾಶ್ ಅಂತೂ ಬೇಡವೇ ಬೇಡ, ಕುಣಿಯುವವಳ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸೂಪರ್ ಜೂಮ್ ಸಿಗುತ್ತಿದೆ, ಅರ್ಧ ಬೆಲೆ. ಏನೇನು ನೋಡಬೇಕು?
– ವಿದ್ಯಾರ್ಥಿ, ಕೆಂಗೇರಿ

ಉತ್ತರ: ಮಿರರ್‌ಲೆಸ್ ಆದರೆ ಲೆನ್ಸ್ ಕೆಟ್ಟರೆ ಇನ್ನೊಂದು ಹಾಕಿಕೊಳ್ಳಬಹುದು. ಸೂಪರ್ ಜೂಮ್‌ನಲ್ಲಿ ಕ್ಯಾಮೆರಾಕ್ಕೆ ಲೆನ್ಸ್ ಅಂಟಿಕೊಂಡೇ ಇರುತ್ತದೆ, ಒಂದು ಕೆಟ್ಟರೆ ಎರಡೂ ಹೋದ ಹಾಗೆ. ಅದಕ್ಕೇ ಲೆನ್ಸನ್ನೇ ಚೆನ್ನಾಗಿ ನೋಡಪ್ಪ. ಹತ್ತು ಸಲ ಪೂರ್ತಿ ಜೂಮ್ ಮಾಡಿ ವಾಪಸ್ ತಾ, ಮಧ್ಯದಲ್ಲಿ ತಡೆಯಬಾರದು, ಕರಕರ ಸದ್ದು ಬರಬಾರದು. ಆಮೇಲೆ ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ಒಳಗೆ ನೋಡು. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಅದು ಫಂಗಸ್, ಮಳೆಗಾಲದಲ್ಲಿ ಬ್ಯಾಗಲ್ಲೇ ಮುಚ್ಚಿಟ್ಟ ಕ್ಯಾಮೆರಾಗಳಿಗೆ ಹಿಡಿಯುತ್ತದೆ. ಕಾಲು ಬೆಲೆಗೆ ಕೊಟ್ಟರೂ ಬಿಟ್ಟು ಬಾ. ತಗೊಂಡರೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ, ಬಣ್ಣ ಬದಲಾಗುವ ಬಗೆಯ ಸಿಲಿಕಾ ಜೆಲ್ ಹಾಕಿ ಇಡು, ಆ ಹರಳುಗಳ ಬಣ್ಣ ಬದಲಾದಾಗ ಹೊಸದು ಹಾಕು.