ಮಾಮೂಲಿ ಟಿಂಬರ್ ಡಿಪೋದಲ್ಲಿ ಚೆಂದದ ಎಳೆ ಇರುವ ಹಲಗೆ ಸಿಗುತ್ತದಾ?

ಅಲೆ ಅಲೆಯಾಗಿ ಎಳೆ ಇರುವ ಹಲಗೆ ಊರಿನ ಡಿಪೋದಲ್ಲೇ ಸಿಗುತ್ತದಾ, ಇಲ್ಲ ಹೊರದೇಶದ ಮರವನ್ನೇ ತರಿಸಬೇಕಾ ಎಂದು ಕೇಳಿದ್ದೀರಿ. ಸಿಗುತ್ತದೆ. ಆದರೆ ಡಿಪೋದವರು ಅದನ್ನು ನಿಮಗಾಗಿ ಎತ್ತಿಟ್ಟಿರುವುದಿಲ್ಲ, ಅವರ ಲೆಕ್ಕದಲ್ಲಿ ಅದು ಕೆಟ್ಟ ಮರ.

ನನಗೆ ಸಿಕ್ಕಿದ್ದು ಸಾಗರದ ಹತ್ತಿರದ ಒಂದು ಸಾಮಿಲ್ಲಿನಲ್ಲಿ. ಮಳೆಗಾಲ. ಹೋಗಿದ್ದು ಬಚ್ಚಲುಮನೆ ಬಾಗಿಲಿಗೆ ದಾರಂದ ತರಲು, ಅಷ್ಟೇ. ಮೂಲೆಯಲ್ಲಿ ಮತ್ತಿ ಮರದ ಹಲಗೆಗಳ ರಾಶಿ ಇತ್ತು, ಮೇಲೆ ಮರದ ಹೊಟ್ಟು ಮೆತ್ತಿಕೊಂಡು ಎಲ್ಲ ಒಂದೇ ಬೂದು ಬಣ್ಣ. ಶೀಟಿನ ತೂತಿನಿಂದ ಸೋರಿದ ನೀರು ಒಂದು ಹಲಗೆಯ ತುದಿಗೆ ಬೀಳುತ್ತಿತ್ತು, ಅಲ್ಲಿ ಮಾತ್ರ ಕಂದು ಬಣ್ಣ ಎದ್ದು ಬಂದು ಅಡ್ಡಡ್ಡ ಪಟ್ಟೆಗಳು ಕಾಣುತ್ತಿದ್ದವು. ಗರಗಸದ ಗುರುತು ಇರಬೇಕು ಅಂದುಕೊಂಡೆ. ಆಮೇಲೆ ಸುಮ್ನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ, ಅಷ್ಟರಲ್ಲಿ ಕಪ್ಪಾಗಿದ್ದ ಪಟ್ಟೆ ಬೆಳ್ಳಗಾಯಿತು, ಬೆಳ್ಳಗಿದ್ದದ್ದು ಕಪ್ಪಾಯಿತು. ನವಿಲುಗತ್ತಿನ ಬಣ್ಣದ ರೇಷ್ಮೆ ಸೀರೆ ಆಡಿಸಿದರೆ ಆಗುತ್ತದಲ್ವಾ, ಹಾಗೆ. ಗರಗಸದ ಗುರುತು ಎಲ್ಲಿಂದ ನೋಡಿದರೂ ಅಲ್ಲೇ ಇರುತ್ತದೆ, ಹೀಗೆ ಜಾಗ ಬದಲಿಸುವುದಿಲ್ಲ.

ಮಾಲೀಕರನ್ನು ಕೇಳಿದರೆ, “ಅದು ಬೇಡ ಮಾರಾಯ್ರೇ, ಎಳೆ ಸರಿ ಇಲ್ಲ, ಆಚಾರಿ ಬೈತಾನೆ” ಎಂದರು. 6 ಅಡಿ ಉದ್ದ, 11 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಗುಣಿಸಿ 144ರಿಂದ ಭಾಗಿಸಿದರೆ ಮುಕ್ಕಾಲು ಸಿಎಫ್‌ಟಿಯೂ (ಘನ ಅಡಿ) ಇಲ್ಲ. ಮಾಮೂಲಿ ಮತ್ತಿಯ ರೇಟನ್ನೇ ಹಾಕಿದರು, ಸಾಗುವಾನಿಯ ಹತ್ತಿರಕ್ಕೂ ಬರುವುದಿಲ್ಲ ಅದು. ಎಳೆಗೆ ಬೇರೆ ರೇಟು ಎನ್ನುವುದೇ ಅಲ್ಲಿ ಇಲ್ಲ. ಭಾರ ಮಾತ್ರ 16 ಕೆಜಿಯ ಮೇಲೆ, ಬೈಕಿಗೆ ಕಟ್ಟಿ ತರುವಾಗ ಗೊತ್ತಾಯಿತು.

ಅವರು ಹೇಳಿದ್ದು ಸುಳ್ಳಲ್ಲ. ಇಂಥ ಮರದಲ್ಲಿ ನಾರು ನೆಟ್ಟಗೆ ಹೋಗದೆ ಅಲೆಯಾಗಿ ಬೆಳೆದಿರುತ್ತದೆ. ಕೊಯ್ದಾಗ ಒಂದು ಕಡೆ ನಾರಿನ ಮೈ ಮೇಲೆ ಬರುತ್ತದೆ, ಪಕ್ಕದಲ್ಲೇ ನಾರಿನ ತುದಿ. ಮೈ ಹೊಳೆಯುತ್ತದೆ, ತುದಿ ಬೆಳಕನ್ನು ನುಂಗುತ್ತದೆ, ನಮಗೆ ಪಟ್ಟೆ ಕಾಣುತ್ತದೆ. ಆದರೆ ತೋಪಡ (ಮರವನ್ನು ಹೆರೆದು ನಯಮಾಡುವ ಉಪಕರಣ) ಹಾಕುವವನಿಗೆ ಅದೇ ತಲೆನೋವು. ಯಾವ ಕಡೆಯಿಂದ ಹೊಡೆದರೂ ಅರ್ಧ ನಾರು ಎದುರಾಗಿರುತ್ತದೆ, ಸಿಬಿರೆದ್ದು ಕಿತ್ತು ಬರುತ್ತದೆ. ಪಿಟೀಲಿನ ಬೆನ್ನಿಗೆ ಇಂಥದೇ ಎಳೆಯ ಮೇಪಲ್ ಹಾಕುತ್ತಾರೆ, ಹಾಗಾಗಿ ಇದಕ್ಕೆ ಫಿಡಲ್‌ಬ್ಯಾಕ್ ಎಂದು ಹೆಸರು. ನಮ್ಮ ಮತ್ತಿಯನ್ನೂ ಹೊರದೇಶದಲ್ಲಿ ಇಂಡಿಯನ್ ಲಾರೆಲ್ ಎಂದು ಕರೆದು, ಈ ಎಳೆ ಇದ್ದರೆ ಪೀಠೋಪಕರಣಕ್ಕೆ ಮೇಲ್ಪದರವಾಗಿ ಅಂಟಿಸುತ್ತಾರೆ. ಇಲ್ಲಿ ದಾರಂದ, ತೊಲೆ.

ಡಿಪೋಗೆ ಹೋಗುವಾಗ ಒಂದು ಬಾಟಲಿ ನೀರು, ಒಂದು ಹಳೇ ಬಟ್ಟೆ, ಮೊಬೈಲಿನ ಟಾರ್ಚ್ ಇದ್ದರೆ ಸಾಕು. ಹೊಟ್ಟು ಒರೆಸಿ, ನೀರು ಹಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ದಿಮ್ಮಿಯ ನಡುವಿನಿಂದ ತೊಗಟೆಯ ಕಡೆಗೆ ಕೊಯ್ದ ಹಲಗೆಯಲ್ಲಿ ಅಲೆ ಜಾಸ್ತಿ ಕಾಣುತ್ತದೆ, ಅದರ ತುದಿಯನ್ನು ನೋಡಿದರೆ ಮರದ ಬೆಳವಣಿಗೆಯ ಬಳೆಗಳು ಅಡ್ಡ ಮಲಗಿರುವುದಿಲ್ಲ, ನೆಟ್ಟಗೆ ನಿಂತಿರುತ್ತವೆ. ಕವಲಿನ ತುಂಡುಗಳನ್ನೂ ಬಿಡಬೇಡಿ, ಎಷ್ಟೋ ಸಲ ಅವು ಸೌದೆ ರಾಶಿಯಲ್ಲಿ ಬಿದ್ದಿರುತ್ತವೆ.

ತಂದ ಮೇಲೆ ಆತುರ ಬೇಡ. ಮತ್ತಿ ಬೇಗ ಒಣಗಿದರೆ ಸೀಳುತ್ತದೆ. ಎರಡೂ ತುದಿಗೆ ಪೇಂಟ್ ಬಳಿದು, ಕೆಳಗೆ ರೀಪು ಕೊಟ್ಟು, ಗಾಳಿ ಆಡುವ ನೆರಳಲ್ಲಿ ಇಡಿ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ. ನಾನು ಒಂದೂವರೆ ವರ್ಷ ಅಟ್ಟದ ಮೇಲೆ ಇಟ್ಟಿದ್ದೆ, ಆಮೇಲೆ ಮೊದಲ ದಿನವೇ ಹುಮ್ಮಸ್ಸಿನಲ್ಲಿ ತೋಪಡ ಎಳೆದು ಕಡಲೆಬೇಳೆ ಗಾತ್ರದ ಹಳ್ಳ ಮಾಡಿಕೊಂಡೆ. ನಮ್ಮ ಆಚಾರಿ ಬಂದು ನೋಡಿ, ಏನೂ ಹೇಳದೆ, ಹಳೇ ಗರಗಸದ ಬ್ಲೇಡಿನ ತುಂಡಿಗೆ ಅಂಚು ಮಾಡಿಕೊಟ್ಟು ಕೆರೆಯಲು ಹೇಳಿದರು. ಮೂರು ದಿನ ಕೆರೆದೆ. ಹಳ್ಳ ಹೋಯಿತು. ಎಣ್ಣೆ ಹಚ್ಚಿದ ಮೇಲೆ ಮನೆಗೆ ಬಂದವರೆಲ್ಲ ಮೊದಲು ಹಲಗೆಯ ಮೇಲೆ ಕೈ ಆಡಿಸಿ ಉಬ್ಬುತಗ್ಗು ಹುಡುಕುತ್ತಾರೆ. ಏನೂ ಇರುವುದಿಲ್ಲ, ನುಣ್ಣಗೆ.

ಇನ್ನೊಂದು ವಿಷಯ. ಒಂದು ಹಲಗೆಯಲ್ಲಿ ಎಳೆ ಇದ್ದರೆ ಅದೇ ದಿಮ್ಮಿಯ ಪಕ್ಕದ ಹಲಗೆಯಲ್ಲೂ ಇರುತ್ತದೆ, ಆಗಲೇ ಹುಡುಕಿ ತೆಗೆದುಕೊಳ್ಳಿ. ನನಗೆ ಇದು ಹೊಳೆದದ್ದು ಮನೆಗೆ ಬಂದ ಮೇಲೆ. ವಾರ ಬಿಟ್ಟು ಹೋದರೆ ರಾಶಿ ಖಾಲಿ. ಯಾರೋ ಕೊಟ್ಟಿಗೆ ಬಾಗಿಲಿಗೆ ಅಂತ ಒಯ್ದರಂತೆ. ಈಗ ಅದರ ಮೇಲೆ ಹಸಿರು ಎನಾಮಲ್ ಪೇಂಟ್ ಬಿದ್ದಿರುತ್ತದೆ.